ಐದಂಕಿ ನಂಬರಿಗೆ ಎಸ್ಸೆಮ್ಮೆಸ್: ದುಡ್ಡು ಯಾರದ್ದು, ಭಾಷೆ ಯಾವುದು?

ತಿಪಟೂರು ಕಡೆಯ ರೈತ ಉತ್ಪಾದಕ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಗೆಳೆಯ ಮೊನ್ನೆ ಫೋನ್ ಮಾಡಿದ್ದ. "ಗುರೂ, ನಮ್ಮ ಸದಸ್ಯರು ಒಂದು ನಂಬರಿಗೆ ಮೆಸೇಜ್ ಹಾಕಿದ್ರೆ ಅವತ್ತಿನ ಕೊಬ್ಬರಿ ರೇಟು ವಾಪಸ್ ಬರ್ಬೇಕು. ಟಿವಿ ಶೋಗಳಲ್ಲಿ ತೋರಿಸ್ತಿದ್ರಲ್ಲ ಐದಂಕಿ ನಂಬರು, ಅಂಥದ್ದು. ಏನ್ ಮಾಡ್ಬೇಕು, ಎಷ್ಟಾಗುತ್ತೆ?"

ವಾಟ್ಸಾಪ್ ಕಾಲದಲ್ಲಿ ಎಸ್ಸೆಮ್ಮೆಸ್ ಯಾಕೆ ಅಂತ ಕೇಳಬಹುದು. ಅವನ ಸದಸ್ಯರಲ್ಲಿ ಅನೇಕರ ಕೈಲಿರೋದು ಕೀಪ್ಯಾಡ್ ಫೋನು. ಇಂಟರ್ನೆಟ್ ಇಲ್ಲದಿದ್ದರೂ ತಲುಪುವುದು ಎಸ್ಸೆಮ್ಮೆಸ್ ಒಂದೇ. ಹಾಗಾಗಿ ಅವನ ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಮಾತ್ರ ಒಂದು ಫೋನ್ ಕಾಲಿನಲ್ಲಿ ಮುಗಿಯಲಿಲ್ಲ. ಅಂಗಡಿ, ಲ್ಯಾಬ್, ಸಹಕಾರ ಸಂಘ, ಸಂಘಟನೆ ಯಾವುದೇ ಇರಲಿ, ಇಂಥ ಸೇವೆ ಶುರು ಮಾಡಬೇಕು ಅನ್ನುವವರಿಗೆಲ್ಲ ಬೇಕಾಗುವ ಮಾಹಿತಿ ಇಲ್ಲಿದೆ.

ಶಾರ್ಟ್‌ಕೋಡ್ ಅಂದರೇನು?

ಹತ್ತಂಕಿಯ ಮೊಬೈಲ್ ನಂಬರಿನ ಬದಲು ನೆನಪಿಟ್ಟುಕೊಳ್ಳಲು ಸುಲಭವಾದ ಚಿಕ್ಕ ಸಂಖ್ಯೆಯೇ ಶಾರ್ಟ್‌ಕೋಡ್. ನೀವು ಈಗಾಗಲೇ ಬಳಸಿದ್ದೀರಿ. ರೈಲಿನ ಪಿಎನ್‌ಆರ್ ಸ್ಥಿತಿಗೆ 139, ನಂಬರ್ ಪೋರ್ಟ್ ಮಾಡಲು 1900, ಜಾಹೀರಾತು ಮೆಸೇಜ್ ನಿಲ್ಲಿಸಲು 1909, ಮತದಾರರ ಮಾಹಿತಿಗೆ 1950. ಆಧಾರ್–ಪಾನ್ ಜೋಡಿಸಲು ಆದಾಯ ತೆರಿಗೆ ಇಲಾಖೆ ಕೊಟ್ಟಿದ್ದು 567678 ಮತ್ತು 56161.

ಮೊದಲ ನಾಲ್ಕು ಸಾರ್ವಜನಿಕ ಸೇವೆಗೆ ಮೀಸಲಾದ ನಂಬರುಗಳು, ಖಾಸಗಿಯವರಿಗೆ ಸಿಗುವುದಿಲ್ಲ. ವ್ಯವಹಾರಕ್ಕೆ ಸಿಗೋದು ಸಾಮಾನ್ಯವಾಗಿ 5ರಿಂದ ಶುರುವಾಗುವ ಕೋಡ್‌ಗಳು. ಇವುಗಳ ಹಂಚಿಕೆ ಕೇಂದ್ರದ ದೂರಸಂಪರ್ಕ ಇಲಾಖೆಯ ಕೈಲಿದೆ.

ಕೆಲಸ ಮಾಡುವ ರೀತಿ ಸರಳ. ರೈತರೊಬ್ಬರು ಕೋಡ್‌ಗೆ ಮೆಸೇಜ್ ಹಾಕುತ್ತಾರೆ. ಅದು ಅವರ ಆಪರೇಟರ್‌ನ ಎಸ್ಸೆಮ್ಮೆಸ್ ಕೇಂದ್ರಕ್ಕೆ, ಅಲ್ಲಿಂದ ಅಗ್ರಿಗೇಟರ್ ಎಂಬ ಮಧ್ಯವರ್ತಿ ಕಂಪನಿಗೆ ಹೋಗುತ್ತೆ. ಅಗ್ರಿಗೇಟರ್ ನಿಮ್ಮ ಸರ್ವರ್‌ಗೆ ಕಳಿಸಿದವರ ನಂಬರು, ಬರೆದ ಪದ, ಸಮಯ ಮೂರನ್ನೂ ದಾಟಿಸುತ್ತೆ. ನಿಮ್ಮ ಪ್ರೋಗ್ರಾಂ ಅವತ್ತಿನ ರೇಟು ಹುಡುಕಿ ಉತ್ತರ ಕಳಿಸುತ್ತೆ. ಬರುವ ದಾರಿ, ಹೋಗುವ ದಾರಿ ಎರಡಕ್ಕೂ ಬೇರೆ ಬೇರೆ ನಿಯಮ, ಬೇರೆ ಬೇರೆ ಖರ್ಚು. ಗೊಂದಲ ಆಗೋದು ಇಲ್ಲೇ.

ಬರುವ ದಾರಿ: ನಾಲ್ಕು ಆಯ್ಕೆ

ಒಂದು, ಸ್ವಂತ ಕೋಡ್. ನಿಮ್ಮೊಬ್ಬರಿಗೇ ಮೀಸಲು. ಆದರೆ ಕೋಡ್ ಸಿಕ್ಕ ಮಾತ್ರಕ್ಕೆ ಎಲ್ಲ ಫೋನಲ್ಲೂ ಕೆಲಸ ಮಾಡಲ್ಲ. ಏರ್‌ಟೆಲ್, ಜಿಯೋ, ವಿಐ, ಬಿಎಸ್‌ಎನ್‌ಎಲ್ ಪ್ರತಿಯೊಂದೂ ತನ್ನ ನೆಟ್‌ವರ್ಕ್‌ನಲ್ಲಿ ಆ ಕೋಡನ್ನು ತೆರೆಯಬೇಕು. ಒಬ್ಬರು ತೆರೆಯದಿದ್ದರೆ ಅವರ ಗ್ರಾಹಕರಿಗೆ ನಿಮ್ಮ ನಂಬರು ಇಲ್ಲದಂತೆಯೇ. ದೊಡ್ಡ ಬ್ಯಾಂಕು, ಟಿವಿ ಚಾನೆಲ್‌ಗಳಿಗೆ ಇದು ಸರಿ.

ಎರಡು, ಹಂಚಿಕೊಂಡ ಕೋಡ್. ಅಗ್ರಿಗೇಟರ್ ಬಳಿ ಈಗಾಗಲೇ ಇರುವ ಕೋಡ್‌ನಲ್ಲಿ ನಿಮಗೊಂದು ಕೀವರ್ಡ್ ಬಾಡಿಗೆಗೆ ಸಿಗುತ್ತೆ. 'ಕೊಬ್ಬರಿ' ಅಂತ ಬಂದ ಮೆಸೇಜ್ ನಿಮಗೆ, ಇನ್ನೊಂದು ಪದದ್ದು ಇನ್ನೊಬ್ಬರಿಗೆ.

ಮೂರು, ಲಾಂಗ್‌ಕೋಡ್. ನೋಡಲು ಮಾಮೂಲಿ ಹತ್ತಂಕಿ ಮೊಬೈಲ್ ನಂಬರು, ಹಿಂದೆ ಮಾತ್ರ ಸಿಮ್ ಬದಲು ಸರ್ವರ್. ಕಳಿಸುವವರಿಗೆ ಮಾಮೂಲಿ ಎಸ್ಸೆಮ್ಮೆಸ್ ದರ.

ನಾಲ್ಕು, ಮಿಸ್ಡ್ ಕಾಲ್. ರಿಂಗ್ ಆಗಿ ತಾನೇ ಕಟ್ ಆಗುತ್ತೆ, ಉತ್ತರ ಎಸ್ಸೆಮ್ಮೆಸ್‌ನಲ್ಲಿ ಬರುತ್ತೆ. ಕರೆ ಮಾಡಿದವರಿಗೆ ಖರ್ಚಿಲ್ಲ, ಟೈಪ್ ಮಾಡುವ ಕಷ್ಟವೂ ಇಲ್ಲ. 2011ರ ಭ್ರಷ್ಟಾಚಾರ ವಿರೋಧಿ ಚಳವಳಿ ಬೆಂಬಲ ಎಣಿಸಿದ್ದು, 2014ರ ನವೆಂಬರ್‌ನಿಂದ ಬಿಜೆಪಿ ಸದಸ್ಯತ್ವ ಅಭಿಯಾನ ನಡೆಸಿದ್ದು ಹೀಗೇ. ಜನರ ಜೇಬಿಗೆ ಕೈ ಹಾಕದೆ ಅವರ ನಂಬರು ಪಡೆಯೋದು ಹೇಗೆ ಅನ್ನೋದು ರಾಜಕೀಯ ಪಕ್ಷಗಳಿಗೆ ಬೇಗ ಅರ್ಥವಾಯಿತು.

ಕಳಿಸುವವರ ಜೇಬು

ಶಾರ್ಟ್‌ಕೋಡ್‌ಗೆ ಕಳಿಸುವ ಮೆಸೇಜ್ ಅನೇಕ ಸಲ ಪ್ರೀಮಿಯಂ ದರದ್ದು. ಪ್ಯಾಕ್ ಜೊತೆ ಬರುವ ಉಚಿತ ಎಸ್ಸೆಮ್ಮೆಸ್ ಸಾಮಾನ್ಯವಾಗಿ ಇಲ್ಲಿ ಲೆಕ್ಕಕ್ಕೆ ಬರಲ್ಲ. ಈ ದುಡ್ಡು ಆಪರೇಟರ್, ಅಗ್ರಿಗೇಟರ್, ಕಾರ್ಯಕ್ರಮ ನಡೆಸುವವರ ನಡುವೆ ಹಂಚಿಕೆಯಾಗುತ್ತೆ.

2007ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ನೋಡುವವರಿಗಾಗಿ ನಡೆದ ಎಸ್ಸೆಮ್ಮೆಸ್ ಸ್ಪರ್ಧೆಯಲ್ಲಿ ಒಂದು ಮೆಸೇಜಿಗೆ 2.40 ರೂಪಾಯಿ. ಬಹುಮಾನದ ಹಣ ಈ ಮೆಸೇಜುಗಳಿಂದಲೇ ಬರುತ್ತಿದೆ, ಇದು ಅನುಚಿತ ವ್ಯಾಪಾರ ಪದ್ಧತಿ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್‌ಗೆ 1 ಕೋಟಿ ರೂಪಾಯಿ ದಂಡ ಪರಿಹಾರ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷ್ಯ ಸಾಲದು ಎಂದು ಆ ಆದೇಶ ರದ್ದು ಮಾಡಿತು. ಕೇಸು ಬಿದ್ದುಹೋಯಿತು, ಪ್ರಶ್ನೆ ಉಳಿಯಿತು: ಮೆಸೇಜ್ ಹಾಕುವವರಿಗೆ ತಾವು ಎಷ್ಟು ಕಟ್ಟುತ್ತಿದ್ದೇವೆ, ಯಾಕೆ ಕಟ್ಟುತ್ತಿದ್ದೇವೆ ಅಂತ ಗೊತ್ತಿರುತ್ತಾ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಗ್ಗದ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ಮೆಸೇಜ್ ಕಳಿಸುವ ಸೌಲಭ್ಯವೇ ಇರದೆ ಹೋಗಬಹುದು. ಬಡ ಗ್ರಾಹಕರು ಬೇರೆ ಕಂಪನಿಗೆ ಪೋರ್ಟ್ ಆಗಲು 1900ಕ್ಕೆ ಮೆಸೇಜ್ ಹಾಕೋಕೂ ಆಗುತ್ತಿಲ್ಲ ಅನ್ನೋ ದೂರು ಬಂದು, ಯಾವ ಪ್ಯಾಕ್ ಇದ್ದರೂ ಆ ಒಂದು ಮೆಸೇಜಿಗೆ ಅವಕಾಶ ಕೊಡಿ ಅಂತ ಟ್ರಾಯ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಬೇಕಾಯಿತು. ಆ ರಿಯಾಯಿತಿ 1900ಕ್ಕೆ ಮಾತ್ರ. ನಿಮ್ಮ ಕೋಡ್‌ಗೆ ಅಲ್ಲ.

ಹೋಗುವ ದಾರಿ: ಡಿಎಲ್‌ಟಿ

ಉತ್ತರ ಕಳಿಸಲು ಟ್ರಾಯ್‌ನ 2018ರ ವಾಣಿಜ್ಯ ಸಂವಹನ ನಿಯಮಾವಳಿ ಪಾಲಿಸಬೇಕು. ಅದರ ಪ್ರಕಾರ ಪ್ರತಿ ವಾಣಿಜ್ಯ ಎಸ್ಸೆಮ್ಮೆಸ್ ಆಪರೇಟರ್‌ಗಳ ಡಿಎಲ್‌ಟಿ ಎಂಬ ಹಂಚಿಕೆಯ ಲೆಡ್ಜರ್‌ನಲ್ಲಿ ತಾಳೆಯಾದರಷ್ಟೇ ಮುಂದೆ ಹೋಗುತ್ತೆ. 2021ರ ಮಾರ್ಚ್ 8ರಂದು ಈ ಜರಡಿ ಜಾರಿಗೆ ಬಂದಾಗ ದೇಶದೆಲ್ಲೆಡೆ ಬ್ಯಾಂಕ್ ಒಟಿಪಿಗಳು ನಿಂತುಹೋದವು. ಕಂಪನಿಗಳು ನೋಂದಣಿ ಮುಗಿಸಿರಲಿಲ್ಲ. ಮರುದಿನವೇ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಿತು. ಈಗ ವಿನಾಯಿತಿ ಇಲ್ಲ. ಮಾಡಬೇಕಾದ್ದು ಇಷ್ಟು:

1. ಸಂಸ್ಥೆಯ ನೋಂದಣಿ. ಯಾವುದಾದರೂ ಒಂದು ಆಪರೇಟರ್‌ನ ಡಿಎಲ್‌ಟಿ ಪೋರ್ಟಲ್ ಸಾಕು. ಪಾನ್, ಜಿಎಸ್‌ಟಿ ಅಥವಾ ನೋಂದಣಿ ಪತ್ರ, ಅಧಿಕಾರ ಪತ್ರ ಬೇಕು. ಶುಲ್ಕ ಹಲವು ಆಪರೇಟರ್‌ಗಳಲ್ಲಿ ಜಿಎಸ್‌ಟಿ ಸೇರಿ ಸುಮಾರು 5,900 ರೂಪಾಯಿ. ಬದಲಾಗುತ್ತಿರುತ್ತೆ, ಕೇಳಿಕೊಳ್ಳಿ.

2. ಹೆಡರ್. ಕಳಿಸಿದವರ ಹೆಸರಿನ ಜಾಗದಲ್ಲಿ ಕಾಣುವ ಆರು ಇಂಗ್ಲಿಷ್ ಅಕ್ಷರ. ಅದರ ಹಿಂದಿನ ಎರಡು ಅಕ್ಷರದಲ್ಲಿ ಮೊದಲನೆಯದು ಆಪರೇಟರ್‌ನದ್ದು, ಎರಡನೆಯದು ಸರ್ಕಲ್‌ನದ್ದು. ಕರ್ನಾಟಕ ಸರ್ಕಲ್‌ನ ಅಕ್ಷರ 'ಎಕ್ಸ್'. 2025ರಿಂದ ಕೊನೆಯಲ್ಲೂ ಒಂದು ಅಕ್ಷರ ಸೇರಿದೆ: ಜಾಹೀರಾತಿಗೆ 'ಪಿ', ಸೇವೆಗೆ 'ಎಸ್', ವಹಿವಾಟಿಗೆ 'ಟಿ', ಸರ್ಕಾರಕ್ಕೆ 'ಜಿ'.

3. ಟೆಂಪ್ಲೇಟ್. ಕಳಿಸುವ ಪ್ರತಿ ವಾಕ್ಯದ ಅಚ್ಚನ್ನು ಮೊದಲೇ ಒಪ್ಪಿಸಬೇಕು. ರೇಟು, ದಿನಾಂಕದಂಥ ಬದಲಾಗುವ ಜಾಗಕ್ಕೆ ಮಾತ್ರ ಖಾಲಿ ಬಿಡಬಹುದು. ಒಪ್ಪಿಗೆಯಾದ ಅಚ್ಚಿಗಿಂತ ಒಂದು ಚುಕ್ಕೆ ಆಚೀಚೆ ಆದರೂ ಮೆಸೇಜ್ ಬೀಳಬಹುದು. ಕನ್ನಡದ ಅಚ್ಚು, ಇಂಗ್ಲಿಷ್ ಅಚ್ಚು ಬೇರೆ ಬೇರೆ ನೋಂದಣಿ.

4. ಲಿಂಕ್. ಮೆಸೇಜಿನಲ್ಲಿ ವೆಬ್ ವಿಳಾಸ ಹಾಕೋದಾದರೆ ಅದನ್ನೂ ಮುಂಚೆ ನೋಂದಾಯಿಸಬೇಕು. 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ.

5. ಅಗ್ರಿಗೇಟರ್ ಜೋಡಣೆ. ನಿಮ್ಮ ಮೆಸೇಜ್ ಯಾವ್ಯಾವ ಕಂಪನಿಗಳ ಮೂಲಕ ಹಾದು ಹೋಗುತ್ತೆ ಎಂಬ ಸರಪಳಿ ದಾಖಲಾಗಿರಬೇಕು. 2024ರ ಡಿಸೆಂಬರ್‌ನಿಂದ, ಸರಪಳಿ ತಾಳೆಯಾಗದ ಮೆಸೇಜ್ ತಲುಪಲ್ಲ.

ಕೇಳಿದವರಿಗೆ ರೇಟು ಕಳಿಸೋದು 'ಸೇವೆ'. ಅದೇ ಮೆಸೇಜಿನಲ್ಲಿ "ನಮ್ಮಲ್ಲಿ ಗೊಬ್ಬರ ಅಗ್ಗ" ಅಂತ ಒಂದು ಸಾಲು ಸೇರಿಸಿದರೆ ಅದು 'ಜಾಹೀರಾತು'. ಆಗ ಸಮಯದ ಮಿತಿ ಬರುತ್ತೆ, ಡಿಎನ್‌ಡಿ ಹಾಕಿಸಿಕೊಂಡವರಿಗೆ ತಲುಪುವುದಿಲ್ಲ.

ಕನ್ನಡಕ್ಕೆ ಡಬಲ್ ಚಾರ್ಜ್

ಇಲ್ಲಿವರೆಗೆ ಗೆಳೆಯ ಸುಮ್ಮನೆ ಕೇಳುತ್ತಿದ್ದ. ಮುಂದಿನ ಲೆಕ್ಕ ಹೇಳಿದಾಗ "ಇದೆಂಥಾ ನ್ಯಾಯ ಮಾರಾಯಾ" ಅಂದ.

ಒಂದು ಎಸ್ಸೆಮ್ಮೆಸ್‌ನ ಗಾತ್ರ 140 ಬೈಟ್. ಇಂಗ್ಲಿಷ್ ಅಕ್ಷರವೊಂದಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತೆ. ಕನ್ನಡ ಹೋಗುವುದು ಯೂನಿಕೋಡ್‌ನಲ್ಲಿ, ಒಂದೊಂದಕ್ಕೂ 16 ಬಿಟ್. ಹಿಡಿಯೋದು 70 ಮಾತ್ರ. ಅದೂ ನಾವು ಎಣಿಸುವ ಅಕ್ಷರ ಅಲ್ಲ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಕನ್ನಡ' ನಮಗೆ ಮೂರಕ್ಷರ, ಮೊಬೈಲಿಗೆ ಐದು. 'ಸ್ತ್ರೀ' ನಮಗೆ ಒಂದು, ಮೊಬೈಲಿಗೆ ಆರು.

ಈ ವಾಕ್ಯ ನೋಡಿ: "ನಿಮ್ಮ ಕೊಬ್ಬರಿಯ ಹಣ ಬ್ಯಾಂಕ್ ಖಾತೆಗೆ ಜಮಾ ಆಗಿದೆ. ವಿವರಕ್ಕೆ ಸಂಘದ ಕಚೇರಿಗೆ ಬನ್ನಿ." ಎಷ್ಟು ಹಣ ಅಂತ ಇನ್ನೂ ಹೇಳೇ ಇಲ್ಲ, ಆಗಲೇ 72 ಆಯಿತು. 70 ದಾಟಿದ್ದರಿಂದ ಬಿಲ್ಲಿನಲ್ಲಿ ಇದು ಎರಡು ಎಸ್ಸೆಮ್ಮೆಸ್. 'ನಿಮ್ಮ' ಅನ್ನೋ ಒಂದು ಪದ ತೆಗೆದರೆ 66, ಒಂದೇ ಎಸ್ಸೆಮ್ಮೆಸ್. ಉದ್ದದ ಮೆಸೇಜ್ ತುಂಡಾದಾಗ ಜೋಡಣೆಯ ಮಾಹಿತಿಗೂ ಜಾಗ ಬೇಕು, ಹಾಗಾಗಿ ಪ್ರತಿ ತುಂಡಿನಲ್ಲಿ ಕನ್ನಡಕ್ಕೆ ಉಳಿಯೋದು 67, ಇಂಗ್ಲಿಷ್‌ಗೆ 153.

ದುಡ್ಡಿನಲ್ಲಿ ನೋಡೋಣ. 2,000 ಸದಸ್ಯರು, ತಿಂಗಳಿಗೆ ತಲಾ 10 ಮೆಸೇಜ್, ಒಂದಕ್ಕೆ 20 ಪೈಸೆ ಅಂತ ಇಟ್ಟುಕೊಳ್ಳಿ. ಒಂದೇ ತುಂಡಿನ ಇಂಗ್ಲಿಷ್ ಮೆಸೇಜಾದರೆ 4,000 ರೂಪಾಯಿ. ಎರಡು ತುಂಡಾಗುವ ಕನ್ನಡವಾದರೆ 8,000. ವರ್ಷಕ್ಕೆ 48,000 ರೂಪಾಯಿ ಹೆಚ್ಚು. ನಮಗೆ ಬರುವ ಎಸ್ಸೆಮ್ಮೆಸ್‌ಗಳು ಯಾಕೆ ಬಹುಪಾಲು ಇಂಗ್ಲಿಷ್‌ನಲ್ಲೇ ಇರುತ್ತವೆ ಅನ್ನೋದಕ್ಕೆ ಉದಾಸೀನ ಒಂದು ಕಾರಣ. ಈ ಲೆಕ್ಕ ಇನ್ನೊಂದು.

ಪರಿಹಾರ ಇಲ್ಲವೇ? ಕಾಗದದ ಮೇಲಿದೆ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ, ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳನ್ನು 7 ಬಿಟ್‌ನಲ್ಲೇ ಕೂರಿಸುವ ಕೋಷ್ಟಕಗಳನ್ನು ತನ್ನ ಟಿಎಸ್ 23.038 ಮಾನದಂಡದಲ್ಲಿ ಸೇರಿಸಿದೆ. ಅದನ್ನು ಬಳಸಿದರೆ ಒಂದು ಎಸ್ಸೆಮ್ಮೆಸ್‌ನಲ್ಲಿ ಕನ್ನಡದ 150ಕ್ಕೂ ಹೆಚ್ಚು ಚಿಹ್ನೆ ಹಿಡಿಸಬಹುದು. ಆದರೆ ಕಳಿಸುವ ವ್ಯವಸ್ಥೆ, ಓದುವ ಫೋನು ಎರಡೂ ಅದನ್ನು ಅರ್ಥ ಮಾಡಿಕೊಳ್ಳಬೇಕು. ಬಲ್ಕ್ ಎಸ್ಸೆಮ್ಮೆಸ್ ಮಾರುವವರ ದರಪಟ್ಟಿಯಲ್ಲಿ ಕಾಣೋದು ಇವತ್ತಿಗೂ 70ರ ಲೆಕ್ಕವೇ. ಇಲ್ಲಿ ಮಾರುವ ಫೋನುಗಳಲ್ಲಿ 22 ಭಾರತೀಯ ಭಾಷೆಗಳ ಮೆಸೇಜ್ ಓದಲು ಬರಬೇಕು ಅಂತ ಬಿಐಎಸ್ 2016ರಲ್ಲೇ ಐಎಸ್ 16333 ಮಾನದಂಡ ತಂದಿತು. ಓದುವ ಹಕ್ಕು ಕೊಟ್ಟರು, ಕಳಿಸುವ ದರ ಮುಟ್ಟಲಿಲ್ಲ. ಭಾರತೀಯ ಭಾಷೆಯ ಮೆಸೇಜನ್ನು ಎಷ್ಟು ತುಂಡಾದರೂ ಒಂದೇ ಎಂದು ಎಣಿಸಿ ಅಂತ ಟ್ರಾಯ್ ಹೇಳಬಹುದು. ಹಾಗೆ ಹೇಳಿ ಅಂತ ನಮ್ಮ ಸಂಸದರು ಕೇಳಬಹುದು. ಕನ್ನಡದ ಹೋರಾಟ ಬೋರ್ಡುಗಳಲ್ಲಿ ಎಷ್ಟು ಮುಖ್ಯವೋ ಬಿಲ್ಲುಗಳಲ್ಲೂ ಅಷ್ಟೇ ಮುಖ್ಯ.

ಒಪ್ಪಿಗೆ ಮರೆಯಬೇಡಿ

ರೇಟು ಕೇಳಿ ಮೆಸೇಜ್ ಹಾಕಿದವರು ಕೇಳಿದ್ದು ರೇಟು ಮಾತ್ರ. ಆ ನಂಬರನ್ನು ಚುನಾವಣೆಯಲ್ಲಿ ಯಾರಿಗೋ ಕೊಡೋದು, ಬೇರೆ ವ್ಯಾಪಾರಕ್ಕೆ ಬಳಸೋದು ನಂಬಿಕೆದ್ರೋಹ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ತತ್ವವೂ ಅದೇ: ಯಾವ ಕೆಲಸಕ್ಕೆ ಪಡೆದಿರೋ ಅದಕ್ಕಷ್ಟೇ. ಗ್ರಾಹಕರಿಂದ ಡಿಜಿಟಲ್ ಒಪ್ಪಿಗೆ ಕೇಳುವ ಮೆಸೇಜಿಗೇ 127ರಿಂದ ಶುರುವಾಗುವ ಪ್ರತ್ಯೇಕ ಶಾರ್ಟ್‌ಕೋಡ್‌ಗಳನ್ನು ಟ್ರಾಯ್ 2023ರಲ್ಲಿ ಗೊತ್ತುಮಾಡಿದೆ.

ಕೊನೆಗೆ ಗೆಳೆಯನಿಗೆ ಹೇಳಿದ್ದು

ಐದಂಕಿ ನಂಬರಿನ ಆಸೆ ಬಿಡು, ಮಿಸ್ಡ್ ಕಾಲ್ ನಂಬರ್ ಹಾಕ್ಸು. ಕೊಬ್ಬರಿ ಮಾರೋಕೆ ಬಂದವರು ರೇಟು ತಿಳಿಯೋಕೂ ದುಡ್ಡು ಕಟ್ಟೋದು ಬೇಡ. ಡಿಎಲ್‌ಟಿ ನೋಂದಣಿ ಈಗಲೇ ಶುರು ಮಾಡು. ಟೆಂಪ್ಲೇಟ್ ಕನ್ನಡದಲ್ಲೇ ಬರಿ, ಖಾಲಿ ಜಾಗ ತುಂಬಿದ ಮೇಲೂ 70 ದಾಟದ ಹಾಗೆ ನೋಡ್ಕೋ. ಏರ್‌ಟೆಲ್, ಜಿಯೋ, ವಿಐ, ಬಿಎಸ್‌ಎನ್‌ಎಲ್ ನಾಲ್ಕರಲ್ಲೂ, ಜೊತೆಗೊಂದು ಕೀಪ್ಯಾಡ್ ಫೋನಲ್ಲೂ ಪರೀಕ್ಷೆ ಮಾಡದೆ ಸದಸ್ಯರಿಗೆ ನಂಬರ್ ಹಂಚಬೇಡ.

ಸಂಜೆಗೆ ಅವನದೊಂದು ಮೆಸೇಜ್ ಬಂತು. "ತಿಪಟೂರು ಇಂದು: ಉಂಡೆ ಕೊಬ್ಬರಿ ಕ್ವಿಂಟಲ್‌ಗೆ ಎಷ್ಟು ರೂ. ಅಂತ ಖಾಲಿ ಬಿಟ್ಟಿದ್ದೀನಿ. ಎಣಿಸಿ ಹೇಳು." ಎಣಿಸಿದೆ. ಅಚ್ಚು 70ರೊಳಗೇ ಇತ್ತು.