ಬಿಲ್ ಹೇವನ್ಸ್ ಪ್ಯಾರಿಸ್ಸಿಗೆ ಯಾಕೆ ಹೋಗಲಿಲ್ಲ

ಡಿಗ್ರಿ ಓದುವಾಗ ನಮ್ಮ ಕಾಲೇಜಿಗೆ ವರ್ಷಕ್ಕೊಮ್ಮೆ ವ್ಯಕ್ತಿತ್ವ ವಿಕಸನದ ಭಾಷಣಕಾರರೊಬ್ಬರು ಬರುತ್ತಿದ್ದರು. ಪ್ರತಿ ಸಲವೂ ಒಂದು ಕಥೆ ತಪ್ಪದೆ ಹೇಳುತ್ತಿದ್ದರು. ಅಮೆರಿಕದ ಬಿಲ್ ಹೇವನ್ಸ್ ಎಂಬಾತ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ದೋಣಿ ತಂಡದಲ್ಲಿ ಆಯ್ಕೆಯಾಗಿದ್ದ. ಮನೆಯಲ್ಲಿ ಹೆಂಡತಿಗೆ ದಿನ ತುಂಬುತ್ತಿತ್ತು. ಆಕೆ ಹೋಗಿ ಬಾ ಎಂದರೂ ಆತ ಉಳಿದುಕೊಂಡ. ತಂಡ ಚಿನ್ನ ಗೆದ್ದಿತು. ಇಪ್ಪತ್ತೆಂಟು ವರ್ಷದ ಮೇಲೆ ಅವತ್ತು ಹುಟ್ಟಿದ ಮಗನೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದು ಅಪ್ಪನಿಗೆ ತಂತಿ ಕಳಿಸಿದ: ನಾನು ಹುಟ್ಟುವವರೆಗೆ ಕಾದಿದ್ದಕ್ಕೆ ಥ್ಯಾಂಕ್ಸ್, ನೀವು ಗೆಲ್ಲಬೇಕಿದ್ದ ಪದಕ ತರುತ್ತಿದ್ದೇನೆ ಎಂಬರ್ಥದಲ್ಲಿ. ಇಲ್ಲಿಗೆ ಬರುವಾಗ ಭಾಷಣಕಾರರ ದನಿ ನಡುಗುತ್ತಿತ್ತು. ಸಭಾಂಗಣ ಚಪ್ಪಾಳೆ ತಟ್ಟುತ್ತಿತ್ತು. ನಾನೂ ತಟ್ಟಿದ್ದೇನೆ.

ಈಗ ನನ್ನ ಪಿಎಚ್‌ಡಿ ಹಳೇ ಮೈಸೂರಿನ ದೋಣಿಗಡಗಳ ಮೇಲೆ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ದಾಟಿಸುವ ಗುತ್ತಿಗೆ ಯಾರದ್ದು, ಅಂಬಿಗನಿಗೆ ಸಿಗುತ್ತಿದ್ದುದೆಷ್ಟು, ಹೀಗೆ. ಮಗಳಿಗೆ ಎಂಟು ತಿಂಗಳು. ರಾತ್ರಿ ಹಾಲೂಡಿಸುತ್ತಾ ಮೊಬೈಲಿನಲ್ಲಿ ದೋಣಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿದೆ. ಹಾಗೆ ಓದುವಾಗ ಬಿಲ್ ಹೇವನ್ಸ್ ಮತ್ತೆ ಸಿಕ್ಕ. ಈ ಸಲ ಚಪ್ಪಾಳೆ ತಟ್ಟುವ ಮುಂಚೆ ಪರೀಕ್ಷೆ ಮಾಡೋಣ ಅನ್ನಿಸಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದೊಂದು ಕೆಟ್ಟ ಅಭ್ಯಾಸ.

ಮೊದಲು ದೋಣಿಯ ವಿಚಾರ. ಕಥೆಯನ್ನು ಹೇಳುವವರಲ್ಲಿ ಕೆಲವರು ಬಿಲ್ ಎಂಟು ಜನರ ರೋಯಿಂಗ್ ತಂಡದಲ್ಲಿದ್ದ ಎನ್ನುತ್ತಾರೆ. ಇದು ನಿಲ್ಲುವ ಮಾತಲ್ಲ. 1924ರಲ್ಲಿ ಅಮೆರಿಕಕ್ಕೆ ಆ ಚಿನ್ನ ತಂದದ್ದು ಯೇಲ್ ವಿಶ್ವವಿದ್ಯಾಲಯದ ಹುಡುಗರು. ಆ ಎಂಟು ಜನರಲ್ಲಿ ಬೆಂಜಮಿನ್ ಸ್ಪಾಕ್ ಒಬ್ಬ. ಮುಂದೆ ಮಕ್ಕಳ ವೈದ್ಯನಾಗಿ 1946ರಲ್ಲಿ ಶಿಶುಪಾಲನೆಯ ಪುಸ್ತಕ ಬರೆದು ಜಗತ್ತಿನ ಅಮ್ಮಂದಿರಿಗೆಲ್ಲ ಗೊತ್ತಾದ ಅದೇ ಡಾಕ್ಟರ್ ಸ್ಪಾಕ್. ಮಗುವಿಗಾಗಿ ಉಳಿದವನ ಕಥೆಗೆ ಮಕ್ಕಳ ಡಾಕ್ಟರೇ ಅಡ್ಡ ಬಂದದ್ದು ನೋಡಿ ನನಗೆ ನಗು ಬಂತು.

ಬಿಲ್ ಇದ್ದದ್ದು ವಾಷಿಂಗ್ಟನ್ ಕನೂ ಕ್ಲಬ್ಬಿನಲ್ಲಿ, ಪೊಟೊಮ್ಯಾಕ್ ನದಿಯ ದಡದಲ್ಲಿ. ಪ್ಯಾರಿಸ್ಸಿನಲ್ಲಿ ಈ ಕ್ಲಬ್ಬಿನವರು ಮತ್ತು ಕೆನಡಾದವರು ಸೇರಿ ಕನೂ ಮತ್ತು ಕಯಾಕ್ ಸ್ಪರ್ಧೆಗಳನ್ನು ನಡೆಸಿ ತೋರಿಸಿದರು. ಆದರೆ ಅದು ಪ್ರದರ್ಶನ ಕ್ರೀಡೆ, ಅಂದರೆ ಲೆಕ್ಕಕ್ಕೆ ಬರುವ ಪದಕ ಇರಲಿಲ್ಲ. ಕನೂ ಒಲಿಂಪಿಕ್ಸ್‌ನ ಅಧಿಕೃತ ಪಟ್ಟಿಗೆ ಸೇರಿದ್ದು 1936ರಲ್ಲಿ, ಬರ್ಲಿನ್ನಿನ ಹೊರವಲಯದ ಗ್ರ್ಯೂನೌ ಎಂಬಲ್ಲಿ. ಹೀಗಾಗಿ ಅಪ್ಪ ಕಳೆದುಕೊಂಡ ಚಿನ್ನ ಎಂಬುದು ಇರಲೇ ಇಲ್ಲ. ಮಗ ತಂದದ್ದೇ ಆ ಮನೆಗೆ ಮೊದಲ ಚಿನ್ನ.

ದಿನಾಂಕಗಳನ್ನೂ ನೋಡಿದೆ. ಪ್ಯಾರಿಸ್ ಕ್ರೀಡಾಕೂಟ ಮುಗಿದದ್ದು ಜುಲೈ 27ಕ್ಕೆ. ಫ್ರ್ಯಾಂಕ್ ಹೇವನ್ಸ್ ಹುಟ್ಟಿದ್ದು ಆಗಸ್ಟ್ 1ಕ್ಕೆ. ಆಗ ಅಟ್ಲಾಂಟಿಕ್ ದಾಟಲು ಹಡಗಿನಲ್ಲಿ ಸುಮಾರು ಒಂದು ವಾರ. ಕೊನೆಯ ದಿನದವರೆಗೆ ಇದ್ದಿದ್ದರೆ ಮಗು ಹುಟ್ಟುವಾಗ ಬಿಲ್ ನಡುಗಡಲಿನಲ್ಲಿರುತ್ತಿದ್ದ. ಅವನ ಅಳುಕು ಸುಳ್ಳಲ್ಲ. ಪದಕ ಇರಲಿಲ್ಲ, ಆದರೆ ಬಿಟ್ಟುಕೊಟ್ಟದ್ದು ನಿಜ. ಕಥೆಯ ಚಿನ್ನ ಉದುರಿದ ಮೇಲೆ ನನಗೆ ಆ ಮನುಷ್ಯ ಇನ್ನಷ್ಟು ಇಷ್ಟವಾದ.

ಇನ್ನು ಮಗನ ಸಾಧನೆ. ಭಾಷಣಕಾರರು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು, ಅದು ಅನ್ಯಾಯ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತಾರೆ. ಕನೂ ಹಾಗಲ್ಲ. ಒಂದು ಮಂಡಿ ಊರಿ, ಇನ್ನೊಂದು ಕಾಲನ್ನು ಮುಂದಿಟ್ಟು, ಒಂದೇ ಅಲಗಿನ ಹುಟ್ಟನ್ನು ಒಂದೇ ಪಕ್ಕದಲ್ಲಿ ಹಾಕುತ್ತಾ ಹೋಗಬೇಕು. ಒಂದೇ ಪಕ್ಕ ಎಳೆದರೆ ದೋಣಿ ಇನ್ನೊಂದು ಕಡೆಗೆ ತಿರುಗುತ್ತದೆ. ಚುಕ್ಕಾಣಿ ಇಲ್ಲ. ಆದ್ದರಿಂದ ಪ್ರತಿ ಎಳೆತದ ಕೊನೆಯಲ್ಲಿ ಮಣಿಕಟ್ಟು ತಿರುಚಿ ದೋಣಿಯ ಮೂತಿಯನ್ನು ನೇರಕ್ಕೆ ತರಬೇಕು. ನಮ್ಮ ಅಂಬಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಫ್ರ್ಯಾಂಕ್ ಇದನ್ನು 10,000 ಮೀಟರ್ ಮಾಡಿದ. 1948ರಲ್ಲಿ ಹೆನ್ಲಿಯಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಚಾಪೆಕ್ ಹಿಂದೆ ಎರಡನೆಯವನಾಗಿ ಬೆಳ್ಳಿ ಪಡೆದ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ 57 ನಿಮಿಷ 41.1 ಸೆಕೆಂಡಿನಲ್ಲಿ ಮುಗಿಸಿದ. ಹಂಗೆರಿಯ ಗಾಬೊರ್ ನೊವಾಕ್ ಸುಮಾರು ಎಂಟು ಸೆಕೆಂಡ್ ಹಿಂದಿದ್ದ. ಹೆಚ್ಚುಕಡಿಮೆ ಒಂದು ಗಂಟೆ ಮಂಡಿಯೂರಿದ ಮೇಲೆ ಇಬ್ಬರ ನಡುವೆ ನಾಲ್ಕೈದು ದೋಣಿಯುದ್ದದ ಅಂತರ. 1956ರ ನಂತರ ಈ ದೂರದ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು.

ಕನ್ನಡದಲ್ಲಿ ದೋಣಿಯ ಹುಟ್ಟೂ ಮಗುವಿನ ಹುಟ್ಟೂ ಒಂದೇ ಶಬ್ದ. ಕರಡಿನಲ್ಲಿ 'ಬಿಲ್ ಹುಟ್ಟಿಗಾಗಿ ಹುಟ್ಟು ಬಿಟ್ಟ' ಎಂದು ಬರೆದು, ತೀರಾ ಹರಟೆಯಾಯಿತೆಂದು ಹೊಡೆದುಹಾಕಿದ್ದೆ. ಇಲ್ಲಿ ಮತ್ತೆ ಸೇರಿಸಿದ್ದೇನೆ.

ಆದರೆ ರಾತ್ರಿ ನನ್ನನ್ನು ಎಚ್ಚರವಾಗಿಟ್ಟದ್ದು ಬೇರೆ. ಕಥೆಯಲ್ಲಿ ಅಪ್ಪ ಇದ್ದಾನೆ, ಮಗ ಇದ್ದಾನೆ, ತಂತಿ ಇದೆ. ಹೆತ್ತವಳಿಗೆ ಹೆಸರಿಲ್ಲ. ಭಾಷಣಕಾರರು ಒಮ್ಮೆಯೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಕಳೆದ ವರ್ಷ ನನಗೆ ಲಂಡನ್ನಿನಲ್ಲಿ ಮೂರು ತಿಂಗಳು ದಾಖಲೆ ನೋಡುವ ಅವಕಾಶ ಬಂದಿತ್ತು. ನನ್ನ ಪ್ರಬಂಧದ ಎರಡು ಅಧ್ಯಾಯ ಅದರ ಮೇಲೆ ನಿಂತಿತ್ತು. ಡಾಕ್ಟರ್ ಕೊಟ್ಟ ತಾರೀಖು ಸರಿಯಾಗಿ ಆ ಮೂರು ತಿಂಗಳ ಮಧ್ಯೆ ಬಿತ್ತು. ಆಗಲ್ಲ ಎಂದು ಎರಡು ಸಾಲಿನ ಮೇಲ್ ಕಳಿಸಿದೆ. ಹಿರಿಯ ಮೇಷ್ಟ್ರೊಬ್ಬರು ಕಾರಿಡಾರಿನಲ್ಲಿ ನಿಲ್ಲಿಸಿ, "ಇದೆಲ್ಲ ಈಗಲೇ ಯಾಕಮ್ಮಾ ಬೇಕಿತ್ತು?" ಎಂದರು. ಅದನ್ನು ಯಾರೂ ತ್ಯಾಗ ಎನ್ನಲಿಲ್ಲ. ಎನ್ನಬೇಕೆಂದೂ ನಾನು ಬಯಸಿರಲಿಲ್ಲ. ಇವರಿಗೆ ಅದೇ ಹೊತ್ತಿಗೆ ಪುಣೆಯಲ್ಲಿ ಆಫೀಸಿನ ಟ್ರೈನಿಂಗ್ ಇತ್ತು. ಹೋದರು. ಮಗಳು ಹುಟ್ಟಿದ ನಾಲ್ಕನೇ ದಿನ ಬಂದರು. "ಗಂಡಸರು, ಕೆಲಸ ಬಿಟ್ಟು ಬರೋಕಾಗುತ್ತೇನೇ?" ಎಂದು ಅಮ್ಮನೇ ನನ್ನನ್ನು ಸಮಾಧಾನ ಮಾಡಿದಳು. 1924ರಲ್ಲಿ ಬಿಲ್ ಉಳಿದದ್ದು ಇಂದಿಗೂ ಕಥೆಯಾಗಿರುವುದು ಇದಕ್ಕೇ ಇರಬೇಕು. ಹೆಂಗಸು ಉಳಿದರೆ ಅದು ಬರೀ ಮಂಗಳವಾರ.

ಕನೂ ಸ್ಪರ್ಧೆಯ ಇತಿಹಾಸದಲ್ಲಿ ಹೆಂಗಸರ ಪಾಲು ಹುಡುಕಿದರೆ ಇದೇ ಗರ್ಭದ ಮಾತು ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. 1948ರಿಂದ ಮಹಿಳೆಯರಿಗೆ ಕಯಾಕ್ ಇತ್ತು. ಕೂತು ಹುಟ್ಟು ಹಾಕಬಹುದಿತ್ತು. ಮಂಡಿಯೂರುವ ಕನೂ ಇರಲಿಲ್ಲ. ಒಂದು ಮಂಡಿಯ ಮೇಲೆ ನಿಂತು ಒಂದೇ ಪಕ್ಕ ಎಳೆದರೆ ಹುಡುಗಿಯರ ಗರ್ಭಕ್ಕೆ ತೊಂದರೆ ಎಂಬ ಮಾತನ್ನು ಕೆನಡಾದ ಹುಡುಗಿಯರು ಕೇಳಿಕೊಂಡೇ ಬೆಳೆದರು. ನಾಟಿ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಿಂತವರ ಗರ್ಭದ ಬಗ್ಗೆ ಇಷ್ಟು ಕಾಳಜಿಯನ್ನು ನಾನು ಯಾವ ಕಡತದಲ್ಲೂ ಕಂಡಿಲ್ಲ. 2010ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಕನೂ ಬಂತು. ಒಲಿಂಪಿಕ್ಸ್‌ಗೆ ಬರಲು ಟೋಕಿಯೋವರೆಗೆ, ಅಂದರೆ ಕೋವಿಡ್‌ನಿಂದ ಮುಂದೂಡಿ 2021ರವರೆಗೆ ಕಾಯಬೇಕಾಯಿತು. ಆ ಆಗಸ್ಟಿನಲ್ಲಿ 200 ಮೀಟರಿನ ಮೊದಲ ಚಿನ್ನವನ್ನು 46 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಗೆದ್ದವಳು ಅಮೆರಿಕದ ನೆವಿನ್ ಹ್ಯಾರಿಸನ್, ವಯಸ್ಸು ಹತ್ತೊಂಬತ್ತು. ಕೆನಡಾದ ಲಾರೆನ್ಸ್ ವಿನ್ಸೆಂಟ್ ಲಾಪಾಯಿಂಟ್‌ಗೆ ಬೆಳ್ಳಿ. ಕಯಾಕ್ ಬಿಟ್ಟು ಮಂಡಿಯೂರುವ ಕನೂವಿನ ಸ್ಪ್ರಿಂಟ್ ಸ್ಪರ್ಧೆಗಳನ್ನಷ್ಟೇ ನೋಡಿದರೆ, ಅಮೆರಿಕಕ್ಕೆ ಅದಕ್ಕೂ ಹಿಂದಿನ ಚಿನ್ನ ಫ್ರ್ಯಾಂಕ್ ಹೇವನ್ಸ್‌ನದ್ದೇ, 1952ರದ್ದು. ಫ್ರ್ಯಾಂಕ್ ಇದನ್ನು ನೋಡಲಿಲ್ಲ. 2018ರಲ್ಲಿ, ತೊಂಬತ್ತಮೂರನೇ ವಯಸ್ಸಿನಲ್ಲಿ ತೀರಿಕೊಂಡಿದ್ದ.

ಮೊನ್ನೆ ಇದನ್ನೆಲ್ಲ ಇವರಿಗೆ ಹೇಳಿದೆ. ಮಗಳು ಅವರ ಎದೆಯ ಮೇಲೆ ಮಲಗಿದ್ದಳು. ಸ್ಪಾಕ್ ವಿಷಯಕ್ಕೆ ನಕ್ಕರು. ಹಡಗಿನ ಲೆಕ್ಕವನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹೆಂಡತಿ ಹೋಗು ಅಂದಿದ್ದಳಾ?" ಎಂದು ಕೇಳಿದರು.

"ಹೋಗು ಅಂದಳು ಅಂತಲೇ ಕಥೇಲಿ ಹೇಳ್ತಾರೆ."

"ನೀನೂ ಹೋಗಿ ಅಂದಿದ್ದೆ."

"ಹೂಂ. ಅಂದಿದ್ದೆ."