ಮರದ ಸಹಜ ಬಾಳಿಕೆ

ಕಡಿದ ಮರವು ಯಾವ ರಾಸಾಯನಿಕ ಉಪಚಾರವೂ ಇಲ್ಲದೆ ಶಿಲೀಂಧ್ರ, ಗೆದ್ದಲು, ಕೊರೆಹುಳುಗಳನ್ನು ತಡೆದುಕೊಳ್ಳುವ ಗುಣವೇ ಸಹಜ ಬಾಳಿಕೆ. ಪಶ್ಚಿಮಘಟ್ಟದ ತೇಗ, ಹೊನ್ನೆ, ಬೀಟೆ, ಜಂಬೆ, ಬೋಗಿ ಮರಗಳು ಇದಕ್ಕೆ ಹೆಸರಾದವು. ಬೂರುಗ, ಮಾವು, ರಬ್ಬರ್ ಮರಗಳು ತೇವಕ್ಕೆ ಸಿಕ್ಕರೆ ಬೇಗ ಕೆಡುತ್ತವೆ.

ಈ ಗುಣ ಇರುವುದು ಮರದ ಚೇಗಿನಲ್ಲಿ, ಅಂದರೆ ಕಾಂಡದ ಬಲಿತ ಒಳಭಾಗದಲ್ಲಿ. ಕಾಂಡದ ಹೊರಸುತ್ತಿನ ಬಿಳಿ ಭಾಗ ಬೇರಿನಿಂದ ಎಲೆಗೆ ನೀರು ಸಾಗಿಸುತ್ತದೆ, ಪಿಷ್ಟ, ಸಕ್ಕರೆಗಳನ್ನೂ ಕೂಡಿಟ್ಟಿರುತ್ತದೆ. ಹುಳುವಿಗೂ ಬೂಷ್ಟಿಗೂ ಅದು ಸಿದ್ಧ ಆಹಾರ. ಮರ ಬಲಿತಂತೆ ಒಳಪದರಗಳ ಜೀವಕೋಶಗಳು ಸಾಯುತ್ತವೆ. ಸಾಯುವ ಮೊದಲು ತಮ್ಮಲ್ಲಿನ ದಾಸ್ತಾನನ್ನು ಫೀನಾಲ್, ಕ್ವಿನೋನ್, ಟ್ಯಾನಿನ್‌ಗಳಂಥ ಕಹಿ, ವಿಷ ವಸ್ತುಗಳಾಗಿ ಮಾರ್ಪಡಿಸಿ ಸುತ್ತಲಿನ ಕೋಶಗಳಿಗೆ ತುಂಬುತ್ತವೆ. ಚೇಗಿನ ಕಡುಬಣ್ಣ, ವಾಸನೆಗಳಿಗೂ ಬಹುಮಟ್ಟಿಗೆ ಇವೇ ಕಾರಣ. ತೇಗದಲ್ಲಿರುವ ಟೆಕ್ಟೋಕ್ವಿನೋನ್ ಗೆದ್ದಲನ್ನು ದೂರವಿಡುತ್ತದೆ. ಅದರಲ್ಲಿನ ರಬ್ಬರಿನಂಥ ಅಂಶ ನೀರು ಹೀರುವುದನ್ನು ತಗ್ಗಿಸುತ್ತದೆ. ಹೊನ್ನೆಯ ಚೇಗಿನಲ್ಲಿ ಟೆರೋಸ್ಟಿಲ್ಬೀನ್ ಇದೆ. ತೇಗವೇ ಆದರೂ ಅದರ ಬಿಳಿ ಭಾಗಕ್ಕೆ ಈ ರಕ್ಷಣೆಯಿಲ್ಲ. ಬೇಗ ಕಡಿದ ನೆಡುತೋಪಿನ ತೇಗದಲ್ಲಿ ಬಿಳಿ ಭಾಗದ ಪಾಲು ಹೆಚ್ಚು. ಮರದ ಹೆಸರು ಕೇಳಿ ದುಡ್ಡು ಕೊಡುವವರು ಮೊದಲು ನೋಡಬೇಕಾದದ್ದು ಚೇಗನ್ನು.

ಗಟ್ಟಿ ಮರವೆಲ್ಲ ಬಾಳುವ ಮರವಲ್ಲ. ಯುರೋಪಿನ ಬೀಚ್ ಮರ ಭಾರವಾಗಿ, ಗಟ್ಟಿಯಾಗಿದ್ದರೂ ಮಣ್ಣಿನಲ್ಲಿ ಬಹುಬೇಗ ಕೊಳೆಯುತ್ತದೆ. ಉತ್ತರ ಅಮೆರಿಕದ ಕೆಂಪು ಸೀಡರ್ ಅದರ ಅರ್ಧದಷ್ಟೇ ತೂಗುತ್ತದೆ, ಆದರೂ ಥೂಜಾಪ್ಲಿಸಿನ್ ಎಂಬ ವಸ್ತುವಿನ ಬಲದಿಂದ ಛಾವಣಿಯ ಹಲಗೆಯಾಗಿ ದಶಕಗಟ್ಟಲೆ ನಿಲ್ಲುತ್ತದೆ.

ಭಾರತದಲ್ಲಿ ಬಾಳಿಕೆಯನ್ನು ಅಳೆಯಲು ಚೇಗಿನ ತುಂಡುಗಳನ್ನು ಅರ್ಧದವರೆಗೆ ಬಯಲಿನಲ್ಲಿ ಹೂತು, ಕೆಡುವವರೆಗೆ ಗಮನಿಸುತ್ತಾರೆ. ಸರಾಸರಿ 120 ತಿಂಗಳು ಅಥವಾ ಹೆಚ್ಚು ಉಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, ಅದಕ್ಕೂ ಕಡಿಮೆಯಾದರೆ ಮೂರನೆಯದು. ಇದು ಕಠಿಣ ಪರೀಕ್ಷೆ. ಮನೆಯೊಳಗಿನ ಆಯಸ್ಸನ್ನು ಇದರಿಂದ ಲೆಕ್ಕ ಹಾಕಲಾಗದು.

ಏಕೆಂದರೆ ಮರದ ಆಯಸ್ಸನ್ನು ಅದು ಇರುವ ಜಾಗವೂ ನಿರ್ಧರಿಸುತ್ತದೆ. ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಶಿಲೀಂಧ್ರ ಬೆಳೆಯದು. ಮಹಾರಾಷ್ಟ್ರದ ಕಾರ್ಲೆ ಚೈತ್ಯಗೃಹದ ಚಾವಣಿಗೆ ಜೋಡಿಸಿದ ಮರದ ಕಮಾನುಗಳು ಸುಮಾರು 2,000 ವರ್ಷಗಳಿಂದ ಉಳಿದಿವೆ. ಪೂರ್ತಿ ನೀರಿನಡಿ ಇದ್ದರೂ ಆಮ್ಲಜನಕದ ಕೊರತೆಯಿಂದ ಕೊಳೆಯುವಿಕೆ ತೀರಾ ನಿಧಾನ. ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿಮರದ ಹಲಗೆ ಕೂರಿಸುವ ಪದ್ಧತಿಯಿದೆ. ತೇವ, ಗಾಳಿ ಎರಡೂ ಸಿಗುವ ಕಡೆಯೇ ಹೆಚ್ಚು ಅಪಾಯ: ಬೇಲಿಗೂಟ ಮೊದಲು ಕೆಡುವುದು ನೆಲಕ್ಕೆ ತಾಗುವ ಮಟ್ಟದಲ್ಲಿ.

ಸಮುದ್ರದ ಲೆಕ್ಕ ಬೇರೆ. ಅಲ್ಲಿ ಹಡಗುಹುಳು ಎಂಬ ಮೃದ್ವಂಗಿ ಮರವನ್ನು ಕೊರೆಯುತ್ತದೆ. ಹಿಂದೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದುದು ಇದಕ್ಕಾಗಿಯೇ. ಆದರೂ ಹಡಗಿನ ಮರ ಬಹುಕಾಲ ಬಾಳುವುದುಂಟು: 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಯುದ್ಧನೌಕೆ ಟ್ರಿಂಕೋಮಲಿಯನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ನೋಡಬಹುದು.

ಬೇಗ ಕೆಡುವ ಬಿಳಿ ಭಾಗಕ್ಕೆ ಒಂದು ಅನುಕೂಲವಿದೆ: ಅದು ಸಂರಕ್ಷಕ ದ್ರಾವಣವನ್ನು ಚೆನ್ನಾಗಿ ಹೀರುತ್ತದೆ, ಚೇಗು ಅಷ್ಟು ಸುಲಭವಾಗಿ ಹೀರದು. ಬೋರಾಕ್ಸ್, ಬೋರಿಕ್ ಆಮ್ಲ ಉಣಿಸಿದ ರಬ್ಬರ್ ಮರ ಇಂದು ಪೀಠೋಪಕರಣಕ್ಕೆ ಧಾರಾಳವಾಗಿ ಬಳಕೆಯಾಗುತ್ತಿದೆ. ಈ ಲವಣಗಳು ಮಳೆಯಲ್ಲಿ ಕರಗಿ ಹೋಗುವುದರಿಂದ ಹೊರಾಂಗಣಕ್ಕೆ ಸಲ್ಲದು. ಮನೆಯೊಳಗೆ ಒಣಗಿರುವ ಕಪಾಟು, ಮಂಚಗಳಿಗೆ ಇಂಥ ಮರವೇ ಸಾಕು. ಚೇಗು ಬಲಿಯಲು ಹಲವು ದಶಕ ಬೇಡುವ ಹೊನ್ನೆ, ಬೀಟೆಗಳನ್ನು ಅದಕ್ಕಾಗಿ ಕಡಿಯಬಾರದು.