ಗಿಣಿಗೇರಾ ಸೀಮೆಯ ಉಪಗ್ರಹಚಿತ್ರಗಳೂ ಮಾಪನಾಂಕ ನಿರ್ಣಯದ ಆವಶ್ಯಕತೆಯೂ

ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ತುಂಗಭದ್ರಾ ಜಲಾಶಯದ ಧಾರಣಶಕ್ತಿಯು 2008ರ ಸಮೀಕ್ಷೆಯಲ್ಲಿ 100.855 ಎಂದೂ 2016ರ ಸಮೀಕ್ಷೆಯಲ್ಲಿ 105.788 ಎಂದೂ ನಿರ್ಣೀತವಾಯಿತು. ಹೂಳು ತಾನಾಗಿಯೇ ತೊಲಗುವ ವಸ್ತುವಲ್ಲವಾದುದರಿಂದ, ಈ ಅಂತರದಲ್ಲಿ ನೆಲದ ಪಾಲೆಷ್ಟು, ಅಳತೆಯ ಪಾಲೆಷ್ಟು ಎಂಬ ಪ್ರಶ್ನೆ ವಿಚಾರವಂತರಲ್ಲಿ ಏಳದೆ ಇರದು. ಆ ಜಲಾಶಯಕ್ಕೆ ಸಮೀಪದ ಗಿಣಿಗೇರಾ ಸೀಮೆಯನ್ನು ಆಕಾಶದಿಂದ ಅವಲೋಕಿಸುವ ಉಪಗ್ರಹ ಕ್ಯಾಮೆರಾಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಮೂಲಭೂತವಾದುದು.

2003ರ ರಿಸೋರ್ಸ್‌ಸ್ಯಾಟ್-1 ಉಪಗ್ರಹದ ಲಿಸ್-3 ಕ್ಯಾಮೆರಾ ಬೆಳಕನ್ನು 128 ಹಂತಗಳಲ್ಲಿ ವಿಂಗಡಿಸಿದರೆ, 2011ರ ರಿಸೋರ್ಸ್‌ಸ್ಯಾಟ್-2ರ ಲಿಸ್-3 ಅದನ್ನೇ 1024 ಹಂತಗಳಲ್ಲಿ ವಿಂಗಡಿಸುವುದು. ಆದಕಾರಣ ಒಂದೇ ಹೊಲಕ್ಕೆ ಅವೆರಡೂ ಕೊಡುವ ಅಂಕೆಗಳನ್ನು ನೇರವಾಗಿ ಹೋಲಿಸಲಾಗದು. ಅಂಕೆಯನ್ನು ದೀಪ್ತಿಯೆಂಬ ಭೌತಿಕ ಪರಿಮಾಣಕ್ಕೆ ಹೊಂದಿಸುವ ಕ್ರಿಯೆಯೇ ಮಾಪನಾಂಕ ನಿರ್ಣಯ. ಉಡಾವಣೆಗೆ ಮುನ್ನ, ಎಲ್ಲೆಡೆ ಸಮವಾದ ಪ್ರಭೆಯನ್ನು ಬೀರುವ ಟೊಳ್ಳು ಗೋಳದ ಮುಂದೆ ಕ್ಯಾಮೆರಾವನ್ನಿರಿಸಿ, ತಿಳಿದ ದೀಪ್ತಿಗೆ ಅದು ಕೊಡುವ ಅಂಕೆಯನ್ನು ಗುರುತಿಸಿ, ಕತ್ತಲೆಯಲ್ಲಿಯೂ ಹೊಮ್ಮುವ ಅಂಕೆಯನ್ನು ಅದರಿಂದ ಕಳೆಯುವರು. ಕಕ್ಷೆಯಲ್ಲಿ ಮಸೂರಗಳೂ ಸಂವೇದಕಗಳೂ ಕ್ರಮೇಣ ಕ್ಷೀಣಿಸುವ ಸಂಭವವಿರುವುದರಿಂದ, ಉಪಗ್ರಹದೊಳಗಣ ಎಲ್‌ಇಡಿ ದೀಪಗಳಿಂದ ಪರೀಕ್ಷಿಸುವುದಲ್ಲದೆ, ಕಚ್ಛದ ರಣದಂತಹ ಸಮತಲವೂ ಉಜ್ಜ್ವಲವೂ ಏಕರೂಪವೂ ಆದ ಭೂಮಿಯ ಮೇಲೆ ಉಪಗ್ರಹವು ಹಾದುಹೋಗುವ ವೇಳೆಗೆ ಸರಿಯಾಗಿ ನೆಲದ ಪ್ರತಿಫಲನವನ್ನೂ ವಾಯುವಿನಲ್ಲಿನ ಧೂಳನ್ನೂ ಅಳೆದು, ಅಂಕೆಯನ್ನು ದೀಪ್ತಿಗೆ ಹೊಂದಿಸುವ ಹಳೆಯ ಗುಣಾಂಕಗಳನ್ನು ತಿದ್ದುವರು.

ಗಿಣಿಗೇರಾ ಅಂತಹ ಮಾನಕಕ್ಷೇತ್ರವಲ್ಲ. ಮಸಾರಿ ಮತ್ತು ಎರೆ ಹೊಲಗಳು, ಉಕ್ಕಿನ ಹಾಗೂ ಸ್ಪಾಂಜ್ ಐರನ್ ಕಾರ್ಖಾನೆಗಳು, ಅನತಿದೂರದಲ್ಲಿ ಜಲಾಶಯದ ವಿಸ್ತಾರ, ಇವೆಲ್ಲವೂ ಒತ್ತೊತ್ತಾಗಿರುವ ಈ ಪ್ರದೇಶದಲ್ಲಿ 23.5 ಮೀಟರಿನ ಒಂದೊಂದು ಚಿತ್ರಬಿಂದುವೂ ಸಂಮಿಶ್ರವಾಗಿರಬಹುದು. ಬೇರೆಡೆ ನಿರ್ಣಯಿಸಿದ ಗುಣಾಂಕದ ಸತ್ತ್ವಪರೀಕ್ಷೆ ನಡೆಯತಕ್ಕದ್ದು ಇಂತಹ ನೆಲದಲ್ಲಿಯೇ. ಉದಾಹರಣೆಗೆ, ಒಂದು ಹೊಲದ ಕೆಂಪು ಪಟ್ಟಿಯ ಪ್ರತಿಫಲನ 0.10, ಸಮೀಪ ಅವಕೆಂಪಿನದು 0.30 ಎಂದಿಟ್ಟುಕೊಂಡರೆ, ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆಯುವ ಸಸ್ಯಸೂಚ್ಯಂಕವು 0.50 ಆಗುವುದು; ಅವಕೆಂಪು ಸಂವೇದಕವೊಂದೇ ಶೇಕಡಾ 5ರಷ್ಟು ಕುಗ್ಗಿದರೆ, ಪೈರು ಎಂದಿನಂತೆ ನಳನಳಿಸುತ್ತಿದ್ದರೂ ಸೂಚ್ಯಂಕವು 0.48ಕ್ಕೆ ಇಳಿಯುವುದು.

ಕಾರ್ಖಾನೆಯ ಧೂಳಿನಿಂದ ಬೆಳೆ ಕುಂದಿತೆಂಬ ರೈತನ ದೂರನ್ನು ಎತ್ತಿಹಿಡಿಯುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಇಂತಹ 0.02ರ ಇಳಿಕೆಯನ್ನು ಸಾಕ್ಷ್ಯವಾಗಿ ತರುವುದು ನ್ಯಾಯವಲ್ಲ. ಆದುದರಿಂದ ಈ ಸೀಮೆಯ ಪರಿವರ್ತನೆಯನ್ನು ತೋರಿಸುವ ಪ್ರತಿಯೊಂದು ನಕ್ಷೆಯೂ ಬಳಸಿದ ಗುಣಾಂಕವನ್ನೂ ಅದನ್ನು ನಿರ್ಣಯಿಸಿದ ದಿನಾಂಕವನ್ನೂ ದೋಷದ ಮಿತಿಯನ್ನೂ ನಮೂದಿಸತಕ್ಕದ್ದು. ಆ ಮಿತಿಯೊಳಗೇ ಅಡಗುವ ವ್ಯತ್ಯಾಸವನ್ನು ಭೂಮಿಯ ವ್ಯತ್ಯಾಸವೆಂದು ಸಾರಲಾಗದು.